ಉಮಾಶಂಕರನನ್ನು ಅಣಕಿಸುವುದು ಹೇಗೆ

ತನ್ನನ್ನು ಗೇಲಿ ಮಾಡುವ ಕಷ್ಟವನ್ನು ಉಮಾಶಂಕರ ಬೇರೆಯವರಿಗೆ ಕೊಡುತ್ತಿರಲಿಲ್ಲ. ಆ ಕೆಲಸವನ್ನು ತಾನೇ ಮೊದಲು ಮುಗಿಸಿಬಿಡುತ್ತಿದ್ದ. ಅರಸೀಕೆರೆಯಲ್ಲಿ ನಂಜುಂಡಯ್ಯನವರ ಕೇಬಲ್ ಆಫೀಸಿನಲ್ಲಿ ಅವನಿಗೆ ಸಂಬಳದ ಕೆಲಸ. ವಾರವೆಲ್ಲ ಸೈಕಲ್ ತುಳಿದುಕೊಂಡು ಮನೆಮನೆಗೆ ಹೋಗಿ ಕೇಬಲ್ ಬಾಡಿಗೆ ವಸೂಲಿ ಮಾಡುವುದು, ನಡುವೆ ಕಂಬ ಹತ್ತಿ ವೈರು ಸರಿಪಡಿಸುವುದು. ಭಾನುವಾರ ಬಂತೆಂದರೆ ಅದೇ ಕೇಬಲ್ಲಿನಲ್ಲಿ ನಗೆನಟ. "ಟೀವಿ ಒಳಗೂ ಬಂದು, ಟೀವಿ ಬರ್ತಿಲ್ಲ ಅಂತ ಬೈಸ್ಕೊಳ್ಳೋ ಕಲಾವಿದ ಕರ್ನಾಟಕದಲ್ಲೇ ನಾನೊಬ್ಬ" ಎನ್ನುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಊರೂರಿನ ಕೇಬಲ್‌ನವರೂ ತಮ್ಮದೇ ಒಂದು ಚಾನೆಲ್ ಇಟ್ಟುಕೊಳ್ಳುತ್ತಿದ್ದ ಕಾಲ. ನಂಜುಂಡಯ್ಯನವರ ಚಾನೆಲ್ಲಿನಲ್ಲಿ ವಾರವಿಡೀ ಯಾರದೋ ಮದುವೆಯ ಕ್ಯಾಸೆಟ್ಟು, ಕೊಬ್ಬರಿ ಧಾರಣೆ, ತಪ್ಪಿಸಿಕೊಂಡ ಹಸುವಿನ ಪ್ರಕಟಣೆ. ಭಾನುವಾರ ಸಂಜೆ ಮಾತ್ರ 'ಕೊಬ್ಬರಿ ಮಿಠಾಯಿ' ಎಂಬ ಅರ್ಧ ಗಂಟೆಯ ನಗೆ ಕಾರ್ಯಕ್ರಮ. ಶನಿವಾರ ಆಫೀಸಿನ ಮಹಡಿಯಲ್ಲಿ ನೀಲಿ ಬೆಡ್‌ಶೀಟ್ ಕಟ್ಟಿ ಅದರ ಶೂಟಿಂಗ್ ನಡೆಯುತ್ತಿತ್ತು. ಕ್ಯಾಸೆಟ್ಟಿನ ಒಂದೊಂದು ಪ್ರತಿ ಬಸ್ ಕಂಡಕ್ಟರ್ ಕೈಯಲ್ಲಿ ಹಳೇಬೀಡಿಗೂ ಬೇಲೂರಿಗೂ ಹೋಗಿ, ಅಲ್ಲಿನ ಕೇಬಲ್‌ನವರ ಮೂಲಕ ಆ ಊರಿನ ಮನೆಗಳಲ್ಲೂ ಕಾಣಿಸಿಕೊಳ್ಳುತ್ತಿತ್ತು.

ನಟರು ಮೂವರೇ. ಕೊಬ್ಬರಿ ಮಂಡಿಯ ದಲ್ಲಾಳಿ ದೇವೀರಪ್ಪ ಹಿರಿಯ. ಜೋಕಿನ ಕೊನೆಯ ಮಾತಿಗೆ ಮುಂಚೆ ಅಂಗಿಯನ್ನು ಎರಡು ಬೆರಳಲ್ಲಿ ಹೊಟ್ಟೆಯಿಂದ ಮೇಲಕ್ಕೆತ್ತಿ, ಒಳಗೆ ಒಂದು ಸಲ ಉಫ್ ಎಂದು ಊದಿಕೊಳ್ಳುವುದು ಅವನ ಅಭ್ಯಾಸ. ಆಶಾರಾಣಿ ಕಣಕಟ್ಟೆಯಲ್ಲಿ ಶಾಲೆ ಮೇಡಂ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳೆಂದರೆ ತಮಾಷೆ ಶುರು. ಅದು ಹೊರಬೀಳುವ ಮೊದಲೇ ಅವಳಿಗೆ ನಗು ಬಂದುಬಿಡುತ್ತಿತ್ತು. ಮೂರನೆಯವನು ಉಮಾಶಂಕರ.

ಒಂದು ಶನಿವಾರ ಮಂಡಿಯಲ್ಲಿ ಹರಾಜು ಮುಗಿಯದೆ ದೇವೀರಪ್ಪ ಬರಲಿಲ್ಲ. ಉಮಾಶಂಕರ ಹೊಟ್ಟೆಗೆ ತಲೆದಿಂಬು ಕಟ್ಟಿ, ಅಂಗಿ ಎತ್ತಿ ಊದಿಕೊಂಡು, ದೇವೀರಪ್ಪನ ಪಾತ್ರವನ್ನು ದೇವೀರಪ್ಪನಾಗಿಯೇ ಮಾಡಿಬಿಟ್ಟ. ಭಾನುವಾರ ಅದನ್ನು ನೋಡಿದ ಊರು ಬಿದ್ದುಬಿದ್ದು ನಕ್ಕಿತು. ಸೋಮವಾರ ದೇವೀರಪ್ಪ ಆಫೀಸಿಗೇ ಬಂದ.

"ಏನ್ಲಾ, ನಾನು ಹಂಗಾ ಊದ್ಕೊಳ್ಳೋದು?"

"ಇಲ್ಲ ದೇವೀರಣ್ಣ, ನೀನು ಇನ್ನೂ ಜೋರಾಗಿ ಊದ್ಕೋತೀಯ. ನಾನು ಸ್ವಲ್ಪ ಮರ್ಯಾದೆ ಉಳಿಸ್ದೆ."

"ಬಡ್ಡೀಮಗನೆ," ಎಂದು ದೇವೀರಪ್ಪ ನಕ್ಕ. ನಗುವ ಮುಂಚೆ ಅಂಗಿ ಎತ್ತಲು ಹೋದ ಕೈಯನ್ನು ಅರ್ಧದಲ್ಲೇ ಇಳಿಸಿಕೊಂಡ.

ಅಂದಿನಿಂದ ಕಾರ್ಯಕ್ರಮದ ಕೊನೆಗೆ 'ಅದಲು ಬದಲು' ಸೇರಿಕೊಂಡಿತು, ಒಬ್ಬರನ್ನೊಬ್ಬರು ಅಣಕಿಸುವುದು. ದೇವೀರಪ್ಪ ಸೆರಗು ಸಿಕ್ಕಿಸಿಕೊಂಡ, ಆಶಾರಾಣಿ ಹೊಟ್ಟೆ ಮುಂದೆ ಮಾಡಿಕೊಂಡಳು, ಉಮಾಶಂಕರ ಇಬ್ಬರನ್ನೂ ಅರೆದು ಕುಡಿದವನಂತೆ ಮಾಡಿ ತೋರಿಸಿದ. ತೊಡಕು ಒಂದೇ. ಉಮಾಶಂಕರನನ್ನು ಅಣಕಿಸಲು ಯಾರಿಗೂ ಆಗಲಿಲ್ಲ. ದೇವೀರಪ್ಪ ಕ್ಯಾಮೆರಾ ಮುಂದೆ ನಿಂತು ಬಹಳ ಹೊತ್ತು ಯೋಚಿಸಿ, "ಇವನಲ್ಲಿ ಹಿಡ್ಕೊಳ್ಳಕ್ಕೆ ಒಂದು ಹಿಡೀನೇ ಇಲ್ಲವಲ್ಲಪ್ಪ" ಎಂದ. ಉಮಾಶಂಕರ ದೇವೀರಪ್ಪನಾದಾಗ ಜನ ನೋಡಿದ್ದು ದೇವೀರಪ್ಪನನ್ನೇ. ಅವನು ಅವನಾಗಿ ನಿಂತಾಗ ಯಾರನ್ನು ನೋಡಿದರೋ.

ಬಾಡಿಗೆ ವಸೂಲಿಗೆ ಹೋದಲ್ಲಿ ಇದಕ್ಕೆ ಪುರಾವೆ ಸಿಗುತ್ತಿತ್ತು. ಸಂತೆ ಬೀದಿಯ ಗಿಡ್ಡಮ್ಮ ಬಾಗಿಲಲ್ಲೇ ನಿಂತು, "ಆ ಹೊಟ್ಟೆ ಯಜಮಾನ್ರು ಏನ್ ಚೆಂದ ಮಾಡ್ತಾರಪ್ಪ. ಆ ಮೇಡಮ್ಮೂ ಅಷ್ಟೆಯ" ಎಂದರು.

"ನಾನೂ ಇರ್ತೀನಲ್ಲಮ್ಮ."

ಗಿಡ್ಡಮ್ಮ ಅವನ ಮುಖ ನೋಡಿದರು, ಹೆಗಲ ಚೀಲ ನೋಡಿದರು. "ಹೌದೌದು, ಹಿಂದ್ಗಡೆ ನಿಂತಿರ್ತೀಯ. ಅದೇನು ಯಾವಾಗ್ಲೂ ಅಗೀತಾ ಇರ್ತೀಯ? ಎಲೆಅಡಿಕೆನಾ?"

"ನಾನು ಎಲೆಅಡಿಕೆ ಹಾಕಲ್ಲಮ್ಮ."

"ಹಂಗಾರೆ ಅವ್ನು ಬೇರೆಯವ್ನಿರಬೇಕು ಬಿಡು."

ಇದನ್ನು ಉಮಾಶಂಕರ ಆಫೀಸಿನಲ್ಲಿ ಗಿಡ್ಡಮ್ಮನ ದನಿಯಲ್ಲೇ ಹೇಳಿ ಎಲ್ಲರನ್ನೂ ನಗಿಸಿದ. ನಂಜುಂಡಯ್ಯ ಮಾತ್ರ ನಗಲಿಲ್ಲ. ಯಾವ ಮಾತನ್ನೂ ಎರಡು ಸಲ ಶುರು ಮಾಡದೆ ಮುಂದಕ್ಕೆ ಹೋಗುವವರಲ್ಲ ಅವರು.

"ಈಗ, ಈಗ ಏನಪ್ಪಾ ಅಂದ್ರೆ, ಹಾಸನದ ಚಾನೆಲ್‌ನೋರು ನಮ್ಮ ಕಾರ್ಯಕ್ರಮ ಕೇಳ್ತಾವ್ರೆ. ರಾಜ್ಯೋತ್ಸವಕ್ಕೆ ಹಳೇಬೀಡಲ್ಲಿ ನಮ್ದು ಸ್ಟೇಜ್ ಪ್ರೋಗ್ರಾಂ ಐತಲ್ಲ, ಅಲ್ಲಿಗೇ ಬಂದು ನೋಡ್ತಾರಂತೆ. ಜನ ಗುರ್ತು ಹಿಡಿಯೋ ಮುಖ ಮಾತ್ರ ಸಾಕು ಅಂದವ್ರೆ."

"ಅಂದ್ರೆ ಇಬ್ರು ಸಾಕು ಅಂತ."

"ನಾನು ಹಂಗಂದ್ನಾ? ಆದ್ರೂ ನಿನ್ನನ್ನ ಅಣಕಿಸೋಕೇ ಆಗಲ್ಲ ಅಂದ್ಮೇಲೆ, ಜನಕ್ಕೆ ನೀನು ಕಾಣ್ತಾನೇ ಇಲ್ಲ ಅಂತ ತಾನೇ? ಬೇಜಾರು ಮಾಡ್ಕಬೇಡ. ಬಾಡಿಗೆ ಕಲೆಕ್ಷನ್ ಕೆಲಸ ಎಲ್ಲೂ ಹೋಗಲ್ಲ."

"ಅದು ಸರಿ ಸಾರ್. ಒಂದನೇ ತಾರೀಖು ನನ್ನನ್ನ ಎಲ್ಲರೂ ಗುರುತು ಹಿಡೀತಾರೆ. ದೂರದಿಂದ್ಲೇ ನೋಡಿ ಬಾಗಿಲು ಹಾಕ್ಕೋತಾರೆ."

ಮಾತು ಚೆನ್ನಾಗಿಯೇ ಬಂತು. ಆದರೆ ಸೈಕಲ್ ಹತ್ತಿದ ಮೇಲೆ ಅದು ಕೆಲಸಕ್ಕೆ ಬರಲಿಲ್ಲ. ಮಹಡಿಯ ಆ ನೀಲಿ ಬೆಡ್‌ಶೀಟಿನ ಮುಂದೆ ನಿಲ್ಲುವ ಶನಿವಾರಕ್ಕಾಗಿಯೇ ಅವನು ಉಳಿದ ದಿನಗಳಲ್ಲಿ ಕಂಬ ಹತ್ತುತ್ತಿದ್ದುದು. ಅದು ಹೋದರೆ ಉಳಿಯುವುದು ಕಂಬ.

ಹಾಗಾಗಿ ಅವನು ಒಂದು ಚೇಷ್ಟೆಯನ್ನು ರೂಢಿಸಿಕೊಳ್ಳಲು ನಿರ್ಧರಿಸಿದ. ಮಾತು ಮುಗಿದಾಗಲೆಲ್ಲ ಕತ್ತನ್ನು ಎಡಕ್ಕೆ ಒಮ್ಮೆ ಜಾಡಿಸುವುದು. ಮನೆಯಲ್ಲಿ ಅಭ್ಯಾಸ ಶುರುವಾಯಿತು. ತಾಯಿ ವಿಶಾಲಮ್ಮ ಎರಡು ಹೊತ್ತು ನೋಡಿದರು.

"ಕತ್ತು ಉಳುಕೈತೇನೋ ಮಗಾ?"

"ಇಲ್ಲಮ್ಮ, ಇದು ಸ್ಟೈಲು."

"ನಿಮ್ಮಪ್ಪನೂ ಸೊಂಟ ಹಿಡ್ಕೊಂಡಾಗ ಹಿಂಗೇ ಏನೇನೋ ಅಂತಿದ್ರು. ಕೂತ್ಕೊ ಇಲ್ಲಿ."

ಬಿಸಿ ಹರಳೆಣ್ಣೆಯಲ್ಲಿ ಕತ್ತು ತಿಕ್ಕಿಸಿಕೊಂಡರೂ ಅವನು ಸ್ಟೈಲು ಬಿಡಲಿಲ್ಲ. ಶನಿವಾರ ಅದನ್ನು ದೇವೀರಪ್ಪನಿಗೆ ಹೇಳಿಕೊಟ್ಟ. ದೇವೀರಪ್ಪ ಕ್ಯಾಮೆರಾ ಮುಂದೆ ಕತ್ತು ಜಾಡಿಸಿದ. ಸೋಮವಾರ ಊರೆಲ್ಲ ಒಂದೇ ಮಾತು: ಜೆರಾಕ್ಸ್ ಅಂಗಡಿ ಕೆಂಚಪ್ಪನನ್ನು ಎಷ್ಟು ಚೆನ್ನಾಗಿ ತೋರಿಸಿದರು. ಸ್ವತಃ ಕೆಂಚಪ್ಪ ಸಂತೋಷದಿಂದ ಕತ್ತು ಜಾಡಿಸುತ್ತ ಬಂದು ದೇವೀರಪ್ಪನಿಗೆ ಟೀ ಕೊಡಿಸಿದ. ಅವನ ಅಂಗಡಿ ಮುಂದೆ ದಿನಾ ಸೈಕಲ್ ನಿಲ್ಲಿಸುವ ಉಮಾಶಂಕರ ಆ ಚೇಷ್ಟೆಯನ್ನು ಯಾವಾಗ ಎತ್ತಿಕೊಂಡಿದ್ದನೋ ಅವನಿಗೇ ತಿಳಿಯದು. "ನಂದೇ ಸ್ವಂತದ್ದು ಅಂತ ಹುಡುಕಿದ್ದೂ ಜೆರಾಕ್ಸೇ ಆಯ್ತಲ್ಲ," ಎಂದುಕೊಂಡ.

ಮುಂದಿನ ಶನಿವಾರ ಮಗಳಿಗೆ ಜ್ವರವೆಂದು ಆಶಾರಾಣಿ ಶೂಟಿಂಗಿಗೆ ಬರಲಿಲ್ಲ. ಭಾನುವಾರ ಮನೆಯಲ್ಲಿ ಮಗಳ ಪಕ್ಕ ಕೂತು ಟೀವಿ ಹಾಕಿದಳು. ನಟರು ಮೂವರೂ ತಮ್ಮ ಕಾರ್ಯಕ್ರಮವನ್ನು ಒಂದು ವಾರವೂ ತಪ್ಪಿಸದೆ ನೋಡುವವರೇ. ಆದರೆ ದೇವೀರಪ್ಪ ನೋಡುತ್ತಿದ್ದುದು ದೇವೀರಪ್ಪನನ್ನು, ಆಶಾರಾಣಿ ನೋಡುತ್ತಿದ್ದುದು ತನ್ನ ಸೀರೆಯನ್ನು, ಉಮಾಶಂಕರ ನೋಡುತ್ತಿದ್ದುದು ತನ್ನ ಮಾತು ಬರುವ ಎರಡು ಗಳಿಗೆಯನ್ನು. ಆ ಭಾನುವಾರ ಮೊದಲ ಸಲ ಆಶಾರಾಣಿಗೆ ನೋಡಿಕೊಳ್ಳಲು ತಾನಿರಲಿಲ್ಲ. ಹಾಗಾಗಿ ಉಳಿದವರನ್ನು ನೋಡಿದಳು.

ಮರುವಾರ ಉಮಾಶಂಕರನನ್ನು ಕಂಡೊಡನೆ ಸೆರಗು ಬಾಯಿಗಿಟ್ಟುಕೊಂಡಳು.

"ಏನಕ್ಕಾ?"

"ಏನಿಲ್ಲ ಕಣೋ. ಕತ್ತು ಗಿತ್ತು ಜಾಡಿಸ್ಬೇಡ. ಸುಮ್ನೆ ನಿನ್ನ ಪಾಡಿಗೆ ನೀನಿರು."

ರಾಜ್ಯೋತ್ಸವದ ಸಂಜೆ ಹಳೇಬೀಡಿನ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ ಹಾಸನದ ಚಾನೆಲ್‌ನವರು, ಅವರ ಪಕ್ಕ ನಂಜುಂಡಯ್ಯ. ವೇದಿಕೆಯ ಮಗ್ಗುಲಿಗೆ ಕಟ್ಟಿದ್ದ ಪರದೆ ಅರ್ಧ ಜಾರಿತ್ತು. ಅದರ ಹಿಂದೆ ನಿಂತ ಉಮಾಶಂಕರ, "ಈ ಊರಲ್ಲಿ ಮೂಗು ಮುರಿದ ಕಲ್ಲನ್ನೂ ಗುರುತು ಹಿಡಿದು ಹೆಸರು ಹೇಳ್ತಾರೆ ದೇವೀರಣ್ಣ. ನನಗೆ ಮೂಗು ನೆಟ್ಟಗೈತೆ, ಹೆಸರೇ ಇಲ್ಲ" ಎಂದ.

"ಸುಮ್ಕಿರ್ಲಾ, ನನಗೆ ಮಾತು ಮರ್ತೋಗ್ತದೆ," ಎಂದು ದೇವೀರಪ್ಪ ವೇದಿಕೆ ಹತ್ತಿದ.

ಅಂದು ದೇವೀರಪ್ಪನದು ಕೊಬ್ಬರಿ ಹರಾಜಿನ ಪ್ರಸಂಗ. ಒಬ್ಬನೇ ಕೂಗುವುದು, ಒಬ್ಬನೇ ಕೊಳ್ಳುವುದು. ಅವನು ಶುರು ಮಾಡಿದ ಸ್ವಲ್ಪ ಹೊತ್ತಿಗೆ, ಯಾರಿಗೂ ಹೇಳದೆ, ಆಶಾರಾಣಿ ಬಂದು ಅವನ ಬೆನ್ನ ಹಿಂದೆ ನಿಂತಳು. ಸೆರಗು ಸಿಕ್ಕಿಸಲಿಲ್ಲ, ಹೊಟ್ಟೆ ಮುಂದೆ ಮಾಡಲಿಲ್ಲ. ಎರಡೂ ಕೈ ಹಿಂದೆ ಕಟ್ಟಿ, ದೇವೀರಪ್ಪನನ್ನೇ ನೋಡುತ್ತ, ದನಿಯಿಲ್ಲದೆ ತುಟಿ ಆಡಿಸತೊಡಗಿದಳು. ದೇವೀರಪ್ಪ ಏನು ಹೇಳುತ್ತಾನೋ ಅದೇ, ಅವನಿಗಿಂತ ಅರ್ಧ ಉಸಿರು ಹಿಂದೆ.

ಜನ ಕತ್ತು ಚಾಚಿ ನೋಡಿದರು. ಆಮೇಲೆ ಹೆಂಗಸರ ಕಡೆಯಿಂದ ಒಂದು ಕಿಸಕ್ ಎಂಬ ನಗು. ನಗು ತನಗೇ ಎಂದುಕೊಂಡ ದೇವೀರಪ್ಪ ಉತ್ಸಾಹದಿಂದ ಅಂಗಿ ಎತ್ತಿ ಊದಿಕೊಂಡ.

ಪರದೆಯ ಹಿಂದೆ ಉಮಾಶಂಕರ ತಲೆ ಕೆಡಿಸಿಕೊಂಡಿದ್ದ. ಯಾರನ್ನು ಮಾಡುತ್ತಿದ್ದಾಳೆ ಇವಳು? ಕೆಂಚಪ್ಪನಲ್ಲ. ನಂಜುಂಡಯ್ಯನವರಂತೂ ಅಲ್ಲ. ಅರ್ಧ ಹೆಜ್ಜೆ ನಡಿಗೆ ನೋಡಿ ಆಳು ಯಾರೆಂದು ಹೇಳುವ ತನಗೆ ಗೊತ್ತಾಗುತ್ತಿಲ್ಲ, ಇಡೀ ಹಳೇಬೀಡಿಗೆ ಗೊತ್ತಾಗಿದೆ.

ಮುಂದೆ ಕೂತಿದ್ದ ಹೆಂಗಸೊಬ್ಬಳು ಪಕ್ಕದವಳನ್ನು ತಿವಿದಳು. "ಎಲೆಅಡಿಕೆ ಅಗಿಯೋ ಹುಡುಗ ಕಣೇ ಅದು."

"ಅಗಿಯೋದಲ್ಲ ಕಣೇ, ಎಲ್ಲರ ಮಾತೂ ಹೇಳ್ಕೋತಾನೆ ಅವ್ನು. ಅಗೋ, ಅಲ್ಲೇ ನಿಂತವ್ನೆ ನೋಡು. ಈಗ್ಲೂ ಹೇಳ್ಕೋತಾವ್ನೆ."

ಮುಂದಿನ ಸಾಲೆಲ್ಲ ಪರದೆಯತ್ತ ತಿರುಗಿತು. ಉಮಾಶಂಕರ ಬಾಯಿಗೆ ಕೈ ಇಟ್ಟು ನೋಡಿಕೊಂಡ. ತುಟಿ ಆಡುತ್ತಿತ್ತು. ದೇವೀರಪ್ಪನ ಹರಾಜಿನ ಕೂಗನ್ನು ಅದು ಒಂದಕ್ಷರ ಬಿಡದೆ ಒಪ್ಪಿಸುತ್ತಿತ್ತು.

ಜನರ ಕಣ್ಣು ತನ್ನ ಮೇಲಿಲ್ಲವೆಂದು ಆಗ ದೇವೀರಪ್ಪನಿಗೆ ಗೊತ್ತಾಯಿತು. ಹಿಂದಿರುಗಿ ನೋಡಿದ, ಆಶಾರಾಣಿಯನ್ನು ಕಂಡ, ಮಾತು ಮರೆತ. ಆಶಾರಾಣಿಯ ತುಟಿಯೂ ನಿಂತಿತು. ಮುಂದಿನ ಮಾತು ಅವಳಿಗೂ ಗೊತ್ತಿರಲಿಲ್ಲ. ಇಬ್ಬರೂ ಪರದೆಯತ್ತ ನೋಡಿದರು.

ನಾಚಿಕೆಪಡುವುದಕ್ಕೆ ಉಮಾಶಂಕರನಿಗೆ ಸಮಯವಿತ್ತು. ಅದನ್ನು ಅವನು ಬಳಸಲಿಲ್ಲ. ಸೀದಾ ವೇದಿಕೆ ಹತ್ತಿ, ಆಶಾರಾಣಿಯ ಪಕ್ಕ ಕೈ ಹಿಂದೆ ಕಟ್ಟಿ ನಿಂತು, ದೇವೀರಪ್ಪನಿಗೆ ಕಾಣುವಂತೆ ನಿಧಾನವಾಗಿ ತುಟಿ ಆಡಿಸಿದ. ದೇವೀರಪ್ಪ ಆ ತುಟಿ ನೋಡಿಕೊಂಡೇ ಹರಾಜು ಮುಗಿಸಿದ. ಅಲ್ಲಿಗೆ ಬಿಡದೆ ಉಮಾಶಂಕರ ಆಶಾರಾಣಿಯ ಕಡೆ ತಿರುಗಿ, ತನ್ನನ್ನು ಅಣಕಿಸಿದ ಅವಳನ್ನು ಅಣಕಿಸಿದ: ಮೊದಲು ತುಟಿ, ಆಮೇಲೆ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಮಾಷೆಗೆ ಮುಂಚಿನ ಆ ನಗು. ಮೈದಾನದ ಹಿಂದಿದ್ದವರು ಎದ್ದು ನಿಂತರು. ಆಶಾರಾಣಿ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು.

ಕಾರ್ಯಕ್ರಮ ಮುಗಿದ ಮೇಲೆ ನಂಜುಂಡಯ್ಯ ಹಾಸನದವರೊಂದಿಗೆ ಮಾತಾಡಿ, ವ್ಯಾನಿನ ಹತ್ತಿರ ಬಂದರು. ಮೂವರೂ ಕಾಯುತ್ತಿದ್ದರು.

"ಈಗ, ಈಗ ಏನಪ್ಪಾ ಅಂದ್ರೆ," ಎಂದು ಶುರು ಮಾಡಿದವರು ನಿಲ್ಲಿಸಿದರು. ಎದುರಿಗೆ ಉಮಾಶಂಕರನ ತುಟಿ ಆಡುತ್ತಿತ್ತು.

"ಎಲ್ಲಾ ಗೊತ್ತಿದ್ರೆ ನೀನೇ ಹೇಳಿಬಿಡಪ್ಪ."

ಉಮಾಶಂಕರ ಗಂಟಲು ಸರಿಮಾಡಿಕೊಂಡು, ನಂಜುಂಡಯ್ಯನವರ ದನಿಯಲ್ಲೇ ಹೇಳಿದ: "ಈಗ, ಈಗ ಏನಪ್ಪಾ ಅಂದ್ರೆ, ಹಾಸನಕ್ಕೆ ಮೂರು ಜನಾನೂ ಹೋಗ್ತಾವ್ರೆ. ಬಾಡಿಗೆ ಕಲೆಕ್ಷನ್‌ಗೆ ಬೇರೆ ಯಾರನ್ನಾದ್ರೂ ನೋಡ್ಬೇಕು."

"ಮೊದಲ್ನೇದು ಸರಿ. ಎರಡನೇದು ನಾನು ಹೇಳಲ್ಲ," ಎಂದು ನಂಜುಂಡಯ್ಯ ವ್ಯಾನಿನ ಬಾಗಿಲು ತೆಗೆದರು. "ಒಂದನೇ ತಾರೀಖಿನ ಬಾಕಿ ಮನೆಗಳಿಗೆ ನಾಳೆ ಹೋಗ್ಬೇಕು. ವ್ಯಾನ್ ಹತ್ತು."