ಜರಡಿಯಮ್ಮ

ವಕೀಲರ ಕಚೇರಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ಆಸ್ತಿ ದಾಖಲೆ ಹುಡುಕಿಕೊಡುವ ಆಕೆಯನ್ನು ಎಲ್ಲರೂ ಜರಡಿಯಮ್ಮ ಎನ್ನುತ್ತಿದ್ದರು. ಒಂದು ಹೆಸರು ಒತ್ತಿದರೆ ಅದೇ ಹೆಸರಿನವರ ಸಂತೆಯೇ ಪರದೆಯ ಮೇಲೆ ನೆರೆಯುತ್ತಿತ್ತು. "ಇವನದು ಅಂಗಡಿ, ನಮಗೆ ಬೇಡ. ಇವಳ ಬೀದಿಯೇ ಬೇರೆ, ಏಳಮ್ಮಾ ಮೇಲೆ" ಎಂದು ಗದರುತ್ತ, ಬೇಕಾದವರೊಬ್ಬರು ಉಳಿಯುವವರೆಗೂ ಮಿಕ್ಕವರನ್ನು ಮುಲಾಜಿಲ್ಲದೆ ಹೊರಗಟ್ಟುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಆ ಗದರಿಕೆ ನಿಲ್ಲಲಿಲ್ಲ. ಮನೆಯನ್ನು ಮಾತ್ರ ತನ್ನ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ. "ನಾಳೆ ಭಾವನ ತಮ್ಮ ತಕರಾರು ತೆಗೆದ್ರೆ ಏನ್ ಮಾಡ್ತೀಯಾ ಅಕ್ಕಾ?" ಎಂದು ತಂಗಿ ಒಂದು ಸಂಜೆ ಕಚೇರಿಗೇ ಬಂದು ಪಟ್ಟು ಹಿಡಿದಳು. ಅಕ್ಕ ಗಂಡನ ಹೆಸರು ಒತ್ತಿ, 'ಈಗಿನ ಮಾಲೀಕರು ಮಾತ್ರ' ಎಂಬಲ್ಲಿ ಗುರುತು ಹಾಕಿದಳು. ಅವನ ಹೆಸರು ಬಂತು. "ನೋಡು, ಇನ್ನೂ ಇದ್ದಾರೆ" ಎಂದಳು. "ನನ್ನ ಹೆಸರಿಗೆ ಮಾಡಿಸಿದ ದಿನ ಇಲ್ಲೂ ಇರೋದಿಲ್ಲ ಕಣೇ."