ಅಜ್ಜಿಯ ಪತ್ರಿ ಗಿಡ ಮತ್ತು ಊಟ ಬಿಟ್ಟ ಭೀಮ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಯಾರನ್ನೂ ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ. ಈಗಲೂ ಅಷ್ಟೇ. ಬಿಸ್ಕತ್ತಿನ ಡಬ್ಬಿ ಹಗುರಾದರೆ ಮೊದಲು ನಿಮ್ಮ ಜೇಬು ತಡಕುವವನು ನಾನೇ ಎಂದು ನಿಮಗೆ ಗೊತ್ತಲ್ಲ. ಆದರೆ ಆಗ ನನ್ನ ಅನುಮಾನಕ್ಕೆ ಗಟ್ಟಿ ಕಾರಣವಿತ್ತು. ನಮ್ಮ ಮನೆಯ ಗೋಸುಂಬೆ ಊಟ ಬಿಟ್ಟಿತ್ತು. ಅದಕ್ಕೆ ಅಜ್ಜಿಯೇ ಕಾರಣ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ನಾವು ಆಗ ಲೀಡ್ಸ್ ಊರಿನ ಹೆಡಿಂಗ್ಲೀಯಲ್ಲಿದ್ದೆವು. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳ ಸಾಲು ಅದು. ಪಕ್ಕದ ಮನೆಯ ವಿದ್ಯಾರ್ಥಿಗಳು ಬ್ರೆಡ್ಡು ಸೀಯಿಸಿದರೆ ವಾಸನೆ ನಮ್ಮ ಮನೆಗೆ ಬರುತ್ತಿತ್ತು. ಅಪ್ಪ, ಅವ್ವ ಇಬ್ಬರೂ ಆಸ್ಪತ್ರೆಯಲ್ಲಿ ಡಾಕ್ಟರು. ಯಾರು ಯಾವಾಗ ಮನೆಯಲ್ಲಿರುತ್ತಾರೆ ಎಂದು ತಿಳಿಯಲು ಫ್ರಿಜ್ಜಿಗೆ ಅಂಟಿಸಿದ ಡ್ಯೂಟಿ ಪಟ್ಟಿ ನೋಡಬೇಕಿತ್ತು. ಅದಕ್ಕೇ ಆ ವರ್ಷ ನಮ್ಮನ್ನು ನೋಡಿಕೊಳ್ಳಲು ಧಾರವಾಡದಿಂದ ಅಜ್ಜಿ ಬಂದಿದ್ದಳು.

ಅಜ್ಜಿ ಬಂದ ದಿನವೇ ಮನೆಗೆ ಹೊಸ ಕಾನೂನು ಬಂತು. ಮನೆಯೊಳಗೆ ತತ್ತಿ ತರಕೂಡದು. ಮೊಟ್ಟೆಗೆ ಅಜ್ಜಿ ತತ್ತಿ ಎನ್ನುತ್ತಿದ್ದಳು. ಕೇಕ್ ತಂದರೂ ಪೊಟ್ಟಣದ ಮೇಲಿನ ಸಣ್ಣ ಅಕ್ಷರವನ್ನೆಲ್ಲ ನನ್ನಿಂದ ಓದಿಸಿ, ಅರ್ಥ ಹೇಳಿಸಿ, ಆಮೇಲೂ ನನ್ನ ಮುಖ ನೋಡುತ್ತಿದ್ದಳು. ಅನುಮಾನದಲ್ಲಿ ನಾನು ಯಾರ ಮೊಮ್ಮಗ ಎಂದು ನಿಮಗೀಗ ಗೊತ್ತಾಗಿರಬೇಕು.

ಗೋಸುಂಬೆ ಅಕ್ಕನದು. ಅಕ್ಕನ ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ್ದು. ಅಂಗಡಿಯವನು ಗಂಡು ಎಂದು ಹೇಳಿದ್ದ. ಅದು ತಿನ್ನುವ ರಭಸ ನೋಡಿ ಅಕ್ಕ ಭೀಮ ಎಂದು ಹೆಸರಿಟ್ಟಳು. ಬೀದಿಯ ಕಡೆಯ ದೊಡ್ಡ ಕಿಟಕಿಯ ಹತ್ತಿರ ಅದರ ಜಾಲರಿ ಗೂಡು, ಗೂಡಿನ ಮೇಲೊಂದು ಬಿಸಿ ದೀಪ. ಅಕ್ಕ ಚಿಮುಟದಲ್ಲಿ ಮಿಡತೆ ಹಿಡಿದರೆ ಭೀಮ ಒಂದು ಕಣ್ಣು ಅದರ ಕಡೆಗೆ, ಇನ್ನೊಂದು ಕಣ್ಣು ನನ್ನ ಕಡೆಗೆ ತಿರುಗಿಸುತ್ತಿತ್ತು. ಟಪ್ ಎಂದು ನಾಲಿಗೆ ಬಂದು ಹೋದದ್ದೇ ಗೊತ್ತಾಗುತ್ತಿರಲಿಲ್ಲ, ಮಿಡತೆ ಮಾಯ.

ಗೂಡಿನ ಪಕ್ಕದಲ್ಲೇ ಅಜ್ಜಿಯ ಬಿಲ್ವಪತ್ರೆಯ ಗಿಡದ ದೊಡ್ಡ ಕುಂಡ. ಪತ್ರಿ ಗಿಡ ಎನ್ನುತ್ತಿದ್ದಳು. ಅವ್ವ ಯಾವಾಗಲೋ ಬೀಜ ನೆಟ್ಟು, ರೇಡಿಯೇಟರಿನ ಬಿಸಿಯಲ್ಲಿ ಮಗುವಿನಂತೆ ಸಾಕಿದ್ದಳು; ಬಂದ ಮೇಲೆ ಅಜ್ಜಿ ಅದನ್ನು ತನ್ನದು ಮಾಡಿಕೊಂಡಳು. ಸೋಮವಾರ ಮಾತ್ರ ಅಜ್ಜಿ ಅದರಿಂದ ಒಂದು ಎಲೆ ಕೊಯ್ದು, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುತ್ತಿದ್ದಳು. ಪೂಜೆ ಆಗದೆ ಒಂದು ಗುಟುಕು ಚಹಾ ಕೂಡ ಕುಡಿಯುತ್ತಿರಲಿಲ್ಲ.

ಅಕ್ಟೋಬರಿನ ಕೊನೆಗೆ ಭೀಮ ಊಟ ಬಿಟ್ಟ. ಮಿಡತೆ ಮೂಗಿನ ಮೇಲೆ ಕೂತರೂ ನಾಲಿಗೆ ಚಾಚಲಿಲ್ಲ. ಹಸಿರು ಮೈ ಕಪ್ಪಿಟ್ಟಿತು. ಗೂಡಿನ ತಳವನ್ನು ಸುಮ್ಮನೆ ಕೆರೆಯುತ್ತಿದ್ದ. ಅಕ್ಕ ಶಾಲೆಯಿಂದ ಬಂದವಳೇ ಕೋಟು ಕೂಡ ತೆಗೆಯದೆ ಗೂಡಿನ ಮುಂದೆ ಕೂತುಬಿಡುತ್ತಿದ್ದಳು.

ನಾನು ಸಾಕ್ಷಿ ಹುಡುಕತೊಡಗಿದೆ. ಗೂಡಿನ ಬಾಗಿಲ ಮೇಲೆ ವಿಭೂತಿಯ ಬೆರಳಚ್ಚು ಸಿಕ್ಕಿತು. ಮಿಡತೆಯ ಡಬ್ಬಿಯ ಮುಚ್ಚಳ ಸಡಿಲವಾಗಿತ್ತು. ಹಿತ್ತಲ ಗೋಡೆಯ ಮೇಲೆ ಒಂದು ಮಿಡತೆ ಚಳಿಗೆ ಮುದುಡಿ ಕೂತಿತ್ತು. ಅತ್ತ ಅಜ್ಜಿಗೂ ನನ್ನ ಮೇಲೆ ಅನುಮಾನ. ಪತ್ರಿ ಕುಂಡದ ಮಣ್ಣನ್ನು ಯಾರೋ ಕೆದರಿದ್ದರು.

"ಕೈ ತೋರ್ಸು," ಎಂದು ನನ್ನ ಉಗುರು ನೋಡುತ್ತಿದ್ದಳು.

"ನಾನಲ್ಲ ಅಜ್ಜಿ."

"ಮತ್ತ ಯಾರು, ಬಾಜೂ ಮನಿ ಬೆಕ್ಕು ಬಂದು ಕೆದರೇತೇನು?"

ಆ ಸೋಮವಾರ ಶಾಲೆಗೆ ಟರ್ಮಿನ ನಡುವಿನ ರಜೆ. ಕಾರ್ತಿಕ ಸೋಮವಾರವೂ ಹೌದು. ಭೀಮ ಹಗಲಲ್ಲೇ ಕಣ್ಣು ಮುಚ್ಚಿ ಕೂತಿದ್ದ. ಅಕ್ಕ ಪ್ರಾಣಿಗಳ ಡಾಕ್ಟರಿಗೆ ಫೋನು ಮಾಡಿದಳು. ಮಧ್ಯಾಹ್ನ ಕರೆದುಕೊಂಡು ಬನ್ನಿ, ತಡ ಮಾಡಿದರೆ ಉಳಿಯುವುದು ಕಷ್ಟ ಎಂದರಂತೆ. ಅಪ್ಪ ಕಾರು ತರುವವರೆಗೆ ಕಾಯಬೇಕು. ಅಕ್ಕ ಮೇಲಿನ ಕೋಣೆಗೆ ಹೋಗಿ ಅಳತೊಡಗಿದಳು. ನಾನು ಸೋಫಾದ ಹಿಂದೆ ಅಡಗಿ ಕೂತೆ.

ಅಜ್ಜಿ ಸ್ನಾನ ಮಾಡಿ ಬಂದಳು. ಒದ್ದೆ ಕೂದಲು, ಸೀರೆಯ ಮೇಲೆ ಅಪ್ಪನ ಹಳೆಯ ಸ್ವೆಟರು. ಆಚೀಚೆ ನೋಡಿ ಗೂಡಿನ ಬಾಗಿಲು ತೆರೆದು, ಭೀಮನ ತಲೆಗೆ ವಿಭೂತಿ ಹಚ್ಚಿ ಏನೋ ಗುಣುಗುಣು ಎಂದಳು. ಆಮೇಲೆ ಮಿಡತೆಯ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದಳು. ನಾನು ಬೆನ್ನು ಹತ್ತಿದೆ. ಅವಳು ಡಬ್ಬಿ ಬೋರಲು ಹಾಕುವುದಕ್ಕೂ ನಾನು ಕೂಗುವುದಕ್ಕೂ ಸರಿಹೋಯಿತು.

"ಅಜ್ಜಿ! ಎಲ್ಲಾ ಬಿಟ್ಟೆ ನೀನು!"

"ಹೌದು, ಬಿಟ್ಟೆ. ಸ್ವಾಮಾರ ದಿನ ಜೀವ ತಗೀಬಾರದು. ಹೆಂಗೂ ಅದು ತಿನ್ನಂಗಿಲ್ಲಲ್ಲ."

ಗದ್ದಲ ಕೇಳಿ ಅಕ್ಕ ಓಡಿ ಬಂದಳು. ಒಳಗೆ ಬಂದು ನೋಡಿದರೆ ಗೂಡಿನ ಬಾಗಿಲು ತೆರೆದೇ ಇತ್ತು. ಭೀಮ ಇರಲಿಲ್ಲ.

"ಅಜ್ಜಿ ಅವನನ್ನೂ ಹೊರಗೆ ಬಿಟ್ಟಿದ್ದಾಳೆ!" ಎಂದು ನಾನು ಕಿರುಚಿದೆ. ಅಕ್ಕ ಬರಿಗಾಲಲ್ಲೇ ಹಿತ್ತಲಿಗೆ ಓಡಿ, ಒದ್ದೆ ಎಲೆಗಳನ್ನೆಲ್ಲ ಎರಡೂ ಕೈಯಲ್ಲಿ ಬಾಚಿ ಹುಡುಕಿದಳು. ಹೊರಗೆ ಉಸಿರು ಹೊಗೆಯಾಗುವ ಚಳಿ. "ಇಷ್ಟು ಕೋಲ್ಡಲ್ಲಿ ಅವನು ಬದುಕಲ್ಲ, ಅಜ್ಜಿ, ನಿಜ ಹೇಳು," ಎಂದು ಗೋಗರೆದಳು.

"ಮಿಡತಿ ಬಿಟ್ಟೀನಿ, ಖರೇ. ಅದನ್ನ ಬಿಟ್ಟಿಲ್ಲ," ಎಂದಳು ಅಜ್ಜಿ. ನಾನು ನಂಬಲಿಲ್ಲ. ಅಕ್ಕನೂ ನಂಬಲಿಲ್ಲ. ಅಜ್ಜಿ ಮುಖ ಸಣ್ಣದು ಮಾಡಿಕೊಂಡು ಪತ್ರಿ ಕೊಯ್ಯಲು ಒಳಗೆ ಹೋದಳು. ಹೋದವಳು ಅಲ್ಲಿಂದಲೇ ಮೆಲ್ಲಗೆ ಕರೆದಳು.

ಭೀಮ ಪತ್ರಿ ಕುಂಡದಲ್ಲಿದ್ದ. ತಲೆ ಮಣ್ಣೊಳಗೆ, ಬಾಲ ಮೇಲೆ. ಹಿಂಗಾಲಿನಿಂದ ಮಣ್ಣನ್ನು ಹೊರಗೆ ತಳ್ಳುತ್ತಿದ್ದ. ಮಣ್ಣು ಕೆದರುತ್ತಿದ್ದ ಕಳ್ಳ ಯಾರೆಂದು ಆಗ ಗೊತ್ತಾಯಿತು. ರಜಾದಿನಗಳಲ್ಲಿ ಅಜ್ಜಿ ಮಧ್ಯಾಹ್ನ ಮಲಗಿದಾಗ ಅಕ್ಕ ಅವನನ್ನು ಬಿಸಿಲಿಗೆಂದು ಗುಟ್ಟಾಗಿ ಆ ಗಿಡದ ಮೇಲೆ ಬಿಡುತ್ತಿದ್ದಳಂತೆ. ನಾನು ನನ್ನ ಶುದ್ಧವಾದ ಉಗುರುಗಳನ್ನು ಅಜ್ಜಿಯ ಮುಂದೆ ಹಿಡಿದೆ. ಅವಳು ನೋಡಲೇ ಇಲ್ಲ.

ಅಕ್ಕ ಮತ್ತೆ ಪ್ರಾಣಿಗಳ ಡಾಕ್ಟರಿಗೆ ಫೋನು ಮಾಡಿ, ಭೀಮ ಮಣ್ಣು ಅಗೆಯುವುದನ್ನು ಹೇಳಿದಳು. ಅತ್ತ ಕಡೆಯ ಹೆಂಗಸು ಹಿಂಗಾಲಿನ ಹಿಮ್ಮಡಿಯಲ್ಲಿ ಸಣ್ಣ ಮುಳ್ಳಿನಂಥ ಗಂಟು ಇದೆಯೇ ನೋಡು ಎಂದಳು. ಇರಲಿಲ್ಲ. ಹಾಗಾದರೆ ಅದು ಹೆಣ್ಣು, ಮೊಟ್ಟೆ ಇಡಲು ಜಾಗ ಸಿಗದೆ ಊಟ ಬಿಟ್ಟಿದೆ, ಗಂಡಿಲ್ಲದಿದ್ದರೂ ಕೋಳಿಯ ಹಾಗೆ ಬರಡು ಮೊಟ್ಟೆ ಇಡುತ್ತದೆ ಎಂದಳು. ಈಗ ಇಲ್ಲಿಗೆ ತರಬೇಡಿ. ಯಾರಾದರೂ ನೋಡುತ್ತಿದ್ದಾರೆ ಅನಿಸಿದರೂ ನಿಲ್ಲಿಸಿಬಿಡುತ್ತದೆ. ಮೊಟ್ಟೆ ಒಳಗೇ ಉಳಿದರೆ ಸಾಯುತ್ತದೆ.

ನನಗೆ ಫೋನಿನ ಹೆಂಗಸಿನ ಮೇಲೂ ಅನುಮಾನ ಬಂತು. ನೋಡದೆ ಹೇಗೆ ಹೇಳಿದಳು? ಅಜ್ಜಿಗೆ ಮಾತ್ರ ಬರಲಿಲ್ಲ. ಅಕ್ಕ ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಅವಳು ತನ್ನ ಇಳಕಲ್ ಸೀರೆ ತಂದು ಕುಂಡ ಕಾಣದಂತೆ ಕಿಟಕಿಯ ಬಳಿ ಅಡ್ಡ ಕಟ್ಟಿದಳು.

"ಹೆರಿಗಿ ಕ್ವಾಣಿ ಅದು. ಎಲ್ಲಾರೂ ಹೊರಗ ನಡೀರಿ."

"ಅಜ್ಜಿ, ಮನೆಯೊಳಗೆ ತತ್ತಿ ಬಂತಲ್ಲ?" ಎಂದೆ. ಸಿಕ್ಕಿಬಿದ್ದಳು ಎಂದುಕೊಂಡಿದ್ದೆ.

"ಬಂದದ್ದು ಬ್ಯಾರೆ, ತಂದದ್ದು ಬ್ಯಾರೆ," ಎಂದು ಬಾಗಿಲೆಳೆದುಕೊಂಡಳು.

ಆ ದಿನವೆಲ್ಲ ನಾವು ಪಿಸುಮಾತಿನಲ್ಲೇ ಕಳೆದೆವು. ಅಜ್ಜಿ ನನ್ನನ್ನು ಕಾಯಲೆಂದೇ ಮೆಟ್ಟಿಲ ಮೇಲೆ ಕೂತಳು. ಬಾಗಿಲ ಸಂದಿಗೆ ಕಣ್ಣಿಡಲು ಹೋದಾಗಲೆಲ್ಲ ಕಿವಿ ಹಿಂಡಿದಳು. ಮಧ್ಯಾಹ್ನ ಅಪ್ಪ ಬಂದು, ನಾನೊಮ್ಮೆ ನೋಡಲೇ ಎಂದ. "ಡಾಕ್ಟರ್ ಅದಿ, ಸುಮ್ಮ ಕೂಡು," ಎಂದಳು ಅಜ್ಜಿ. ಅಪ್ಪ ಷೂ ಕೈಯಲ್ಲಿ ಹಿಡಿದು ಅಡುಗೆಮನೆಗೆ ನಡೆದ. ಅಲ್ಲಿ ಅವನು ಹೇಳಿದ ಮೇಲೆಯೇ ನನಗೆ ಹೊಳೆದದ್ದು: ಪತ್ರಿ ಕೊಯ್ದಿರಲಿಲ್ಲ, ಪೂಜೆ ಆಗಿರಲಿಲ್ಲ, ಅಜ್ಜಿ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಅವಳ ತುಟಿ ಒಣಗಿತ್ತು. ಆಗಲೂ ನಾನು, ಇವಳು ಇಷ್ಟೊಂದು ಒಳ್ಳೆಯವಳೇ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

ಬೀದಿಯ ದೀಪ ಹತ್ತುವ ಹೊತ್ತಿಗೆ ಅಕ್ಕ ಸೀರೆಯ ಅಂಚು ಸರಿಸಿದಳು. ಕುಂಡದ ಮಣ್ಣು ತಟ್ಟಿ ಸಮ ಮಾಡಿದಂತಿತ್ತು. ಭೀಮ ಗಿಡದ ಕೊಂಬೆಗೆ ಜೋತುಬಿದ್ದಿದ್ದ. ಹೊಟ್ಟೆ ಬತ್ತಿತ್ತು, ಮೈತುಂಬ ಮಣ್ಣು, ಆದರೆ ಎರಡೂ ಕಣ್ಣು ತೆರೆದಿದ್ದವು. ಅಕ್ಕ ಎಲೆಗೆ ನೀರು ಚಿಮುಕಿಸಿದಳು. ಅದು ಒಂದೊಂದೇ ಹನಿ ನೆಕ್ಕಿತು. ಅಕ್ಕ ಅಳುತ್ತಲೇ ನಗುತ್ತಿದ್ದಳು. ನನಗೂ ಅಳು ಬಂತು.

"ತಿನ್ನೋಕೆ ಕೊಡಬೇಕು," ಎಂದಳು ಅಕ್ಕ. ಎಲ್ಲರೂ ಖಾಲಿ ಡಬ್ಬಿ ನೋಡಿದೆವು. ಆಮೇಲೆ ಅಜ್ಜಿಯನ್ನು ನೋಡಿದೆವು.

"ಅಜ್ಜಿ, ಈಗ ಪತ್ರಿ ಕೊಯ್ದುಕೊ. ಪೂಜೆ ಮಾಡಿ ಏನಾದರೂ ತಿನ್ನು," ಎಂದಳು ಅಕ್ಕ.

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಬೆಳಿಗ್ಗೆ ಬಿಟ್ಟ ಮಿಡತೆಗಳಲ್ಲಿ ಉಳಿದವು, ಬಾಯ್ಲರಿನ ಬಿಸಿಗಾಳಿ ಹೊರಬರುವ ಗೋಡೆಯ ತೂತಿನ ಸುತ್ತ ಗುಂಪುಗೂಡಿದ್ದವು. ಅಜ್ಜಿ ವಿಭೂತಿ ಹಚ್ಚುವ ಆ ಬೆರಳುಗಳಿಂದಲೇ ಒಂದನ್ನು ಹಿಡಿದು ಕಣ್ಣು ಮುಚ್ಚಿದಳು.

"ಬಾಣಂತಿ ಉಪಾಸ ಇರಬಾರದು. ನಂದು ಆಮ್ಯಾಲ," ಎಂದಳು.

ಅಂದು ಭೀಮ ನಾಲಿಗೆ ಚಾಚಿದ್ದು ಅಜ್ಜಿಯ ಕೈಯಿಂದ. ಟಪ್! ಅಜ್ಜಿ ಬೆಚ್ಚಿ ಕೈ ಕೊಡವಿಕೊಂಡಳು. ಆಮೇಲೆ ಮತ್ತೆ ಸ್ನಾನ ಮಾಡಿ, ಒಂದು ಎಲೆ ಕೊಯ್ದು, ಪೂಜೆಗೆ ಕೂತಳು. ಆ ಮೊಟ್ಟೆಗಳನ್ನು ಅವಳು ಯಾರಿಗೂ ಅಗೆದು ತೆಗೆಯಲು ಬಿಡಲಿಲ್ಲ.

ನಿಮ್ಮ ಕಾಲ ಬೇರೆ, ಮಕ್ಕಳೇ. ನಿಮ್ಮ ಆಮೆ ಒಂದು ಹೊತ್ತು ಊಟ ಬಿಟ್ಟರೆ ಅದರ ಚಿಪ್ಪಿಗೆ ಅಂಟಿಸಿದ ಬಿಲ್ಲೆ ತಾನೇ ಡಾಕ್ಟರಿಗೆ ಸುದ್ದಿ ಕಳಿಸುತ್ತದೆ. ಗಂಡೋ ಹೆಣ್ಣೋ, ಜ್ವರವೋ ಬಸಿರೋ, ಕ್ಷಣದಲ್ಲಿ ಉತ್ತರ. ಒಳ್ಳೆಯದೇ. ಆದರೆ ನೀವು ಯಾರ ಮೇಲೂ ಅನುಮಾನ ಪಡಬೇಕಿಲ್ಲವಲ್ಲ, ಅದಕ್ಕೇ ಯಾರ ಮುಖವನ್ನೂ ಇಡೀ ದಿನ ನೋಡುವುದೂ ಇಲ್ಲ. ನಾನು ನಮ್ಮ ಅಜ್ಜಿಯನ್ನು ಸರಿಯಾಗಿ ನೋಡಿದ್ದು ಆ ಒಂದು ದಿನ.

ಮೊನ್ನೆ ಸೋಮವಾರ ನಿಮ್ಮ ಆಮೆಗೆಂದು ತಂದ ಹುಳುಗಳ ಡಬ್ಬಿಯ ಮುಚ್ಚಳ ಸಡಿಲವಾಗಿತ್ತಂತೆ. ಇಬ್ಬರೂ ನನ್ನ ಕಡೆ ತಿರುಗಿದಿರಿ. ನೋಡಿ. ಚೆನ್ನಾಗಿ ನೋಡಿ.