ದಿವಾ ದಾಟಿದೆ ಎನ್ನುವ ಸುಖ

ಡೊಂಬಿವಲಿಯಲ್ಲಿ ಸಂಸಾರ ಹೂಡಿ, ಫೋನಿನಲ್ಲಿ ನಿಜವನ್ನೇ ಹೇಳುವ ಗಂಡಸನ್ನು ನಾನಿನ್ನೂ ಕಂಡಿಲ್ಲ. ಲೋಕಲ್ ಟ್ರೇನು ಠಾಣೆ ಬಿಟ್ಟರೆ ಕಳವಾ, ಮುಂಬ್ರಾ, ಆಮೇಲೆ ದಿವಾ, ಅದರಾಚೆಗೆ ನಮ್ಮ ಡೊಂಬಿವಲಿ. ಆದರೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿರುವಾಗಲೇ ಮನೆಯಿಂದ ಫೋನ್ ಬಂದರೂ "ಬಂದೆ ಬಂದೆ, ದಿವಾ ದಾಟಿದೆ" ಎನ್ನುವುದು ಇಲ್ಲಿಯ ಪದ್ಧತಿ. ಇದನ್ನು ಸುಳ್ಳು ಎನ್ನಬಾರದು. ಹೇಳುವವನಿಗೂ ಗೊತ್ತು, ಕೇಳುವವಳಿಗೂ ಗೊತ್ತು. ದಿವಾ ಎಂದರೆ ಠಾಣೆ ಎಂದು ತಿಳಿದುಕೊಂಡೇ ಅವಳು ಕುಕ್ಕರ್ ಇಡುತ್ತಾಳೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಕಳೆದ ಮಳೆಗಾಲದಲ್ಲಿ. ಹಳಿಯ ಮೇಲೆ ನೀರು ನಿಂತು ಟ್ರೇನು ನಡುದಾರಿಯಲ್ಲೇ ಉಳಿಯಿತು, ನನ್ನ ಫೋನಿನ ಬ್ಯಾಟರಿಯೂ ಹೋಯಿತು. ಅಂತೂ ಮನೆ ತಲುಪಿದಾಗ ನನ್ನ ಹೆಂಡತಿ ಸುಮತಿ ಬಾಗಿಲಲ್ಲೇ ಕೂತಿದ್ದಳು. ಬೈಯಲಿಲ್ಲ, ಅತ್ತಳು. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಮಗ ನಮ್ಮಿಬ್ಬರ ಫೋನುಗಳನ್ನೂ ಜೋಡಿಸಿ, "ಪಪ್ಪಾ, ಅಬ್ ಟೆನ್ಶನ್ ನಹೀ" ಎಂದ. ನಕ್ಷೆಯಲ್ಲಿ ಅವಳಿಗೆ ನಾನು, ನನಗೆ ಅವಳು ಕಾಣುವ ಏರ್ಪಾಡು. ಅಂದಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ, ನೀಲಿ ಚುಕ್ಕಿಯಾದೆ.

ಆ ಚುಕ್ಕಿಗೋ ತನ್ನದೇ ಬುದ್ಧಿ. ಒಮ್ಮೆ ಮೂವರ ಬೆವರಿನ ನಡುವೆ ಒಂಟಿಕಾಲಿನಲ್ಲಿ ತೂಗಾಡುತ್ತಿದ್ದಾಗ ಸುಮತಿಯ ಫೋನು: "ಎಂತ ಮಾರಾಯ್ರೆ, ಮುಂಬ್ರಾದ ಖಾಡಿಯ ಹಿನ್ನೀರಲ್ಲಿ ನಿಂತಿದ್ದೀರಲ್ಲ!" ಇನ್ನೊಮ್ಮೆ ಕಣ್ಣಾಸ್ಪತ್ರೆಯ ಎದುರು ಬಸ್ಸಿಗೆ ಕಾದೆ, ಅಷ್ಟೇ, ಸಂಜೆಯಿಂದ ಫೋನಿನ ತುಂಬ ಕನ್ನಡಕದ ಜಾಹೀರಾತು. ಹೆಂಡತಿಯಲ್ಲದೆ ಇನ್ನೂ ಯಾರ್ಯಾರು ನನ್ನ ದಾರಿ ಕಾಯುತ್ತಿದ್ದಾರೋ! ದೇವರು ಎಲ್ಲವನ್ನೂ ನೋಡುತ್ತಾನೆ ಎಂದು ಅಜ್ಜಿ ಹೆದರಿಸುತ್ತಿದ್ದಳು. ಪುಣ್ಯಾತ್ಮ, ನೋಡಿ ಸುಮ್ಮನಿರುತ್ತಿದ್ದ. ಫೋನ್ ಮಾಡಿ ಕೇಳುತ್ತಿರಲಿಲ್ಲ, ಕನ್ನಡಕವನ್ನೂ ಮಾರುತ್ತಿರಲಿಲ್ಲ.

ನನಗೆ ನಷ್ಟವಾದದ್ದು ಒಂದೇ ಒಂದು ಅರ್ಧಗಂಟೆ. ಆಫೀಸು ಬಿಟ್ಟ ಮೇಲೆ ಠಾಣೆಯ ಕೆರೆಯ ಕಟ್ಟೆಯಲ್ಲಿ ಕಡಲೆಕಾಯಿ ತಿನ್ನುತ್ತ ಸುಮ್ಮನೆ ಕೂರುತ್ತಿದ್ದೆ. ಅಲ್ಲಿ ನಾನು ಯಾರ ಸಾಹೇಬನೂ ಅಲ್ಲ, ಯಾರ ಪಪ್ಪನೂ ಅಲ್ಲ. ಈಗ ಕೂತ ಕೂಡಲೇ ಫೋನು: "ಕೆರೆ ಹತ್ರ ಎಂತ ಉಂಟು?" ಏನೂ ಇಲ್ಲ, ಏನೂ ಇಲ್ಲದ್ದಕ್ಕೇ ಕೂತಿದ್ದೇನೆ ಎಂದರೆ ಯಾವ ಹೆಂಡತಿ ನಂಬುತ್ತಾಳೆ?

ಕೊನೆಗೆ ಒಂದು ಉಪಾಯ ಹೂಡಿದೆ. ನನ್ನ ಜೊತೆಗೇ ದಿನಾ ಟ್ರೇನಿನಲ್ಲಿ ಬರುವ ಸದಾನಂದನ ಕೈಗೆ ಫೋನ್ ಕೊಟ್ಟು, "ಡೊಂಬಿವಲಿಯ ಬ್ರಿಜ್ಜಿನ ಮೇಲೆ ನಿಂತಿರು ಮಾರಾಯ, ನಾನು ಹಿಂದಿನಿಂದ ಬರುವ ಗಾಡಿಯಲ್ಲಿ ಬರುತ್ತೇನೆ" ಎಂದೆ. ಚುಕ್ಕಿ ತರಕಾರಿ ಕೊಳ್ಳುತ್ತಿದೆ ಎಂದು ಅವಳು ತಿಳಿಯಲಿ! ಅಂದು ತಿಂದ ಕಡಲೆಕಾಯಿಯ ರುಚಿಯೇ ಬೇರೆ.

ಆದರೆ ಸದಾನಂದನಿಗೆ ಅಂದು ಕಿಟಕಿಯ ಪಕ್ಕದ ಸೀಟು ಸಿಕ್ಕಿಬಿಟ್ಟಿತ್ತು. ಹಾಯಾಗಿ ನಿದ್ದೆ ಹೋದ. ಚುಕ್ಕಿ ಡೊಂಬಿವಲಿ ದಾಟಿತು, ಕಲ್ಯಾಣವನ್ನೂ ದಾಟಿ ಮುಂದೆ ಹೊರಟಿತು. ಗಾಬರಿಯಾದ ಸುಮತಿ ಫೋನ್ ಮಾಡಿದಳು. ನಿದ್ದೆಗಣ್ಣಿನ ಸದಾನಂದ ಹೇಳಿದನಂತೆ: "ಅಕ್ಕಾ, ಅವರು ಈಗಷ್ಟೇ ಬಾತ್‌ರೂಮಿಗೆ ಹೋದ್ರು."

ಲೋಕಲ್ ಟ್ರೇನಿನಲ್ಲಿ ಬಾತ್‌ರೂಮು! ಹುಟ್ಟಿದ ಮಗುವಿಗೂ ಗೊತ್ತು, ಇಲ್ಲವೆಂದು.

ಬರಿಗೈಯಲ್ಲಿ ಮನೆ ಸೇರಿದ ನನ್ನನ್ನು ನೋಡಿ ಸುಮತಿ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೇಳಿದಳು: "ಕೆರೆ ಹತ್ರ ಕೂತುಕೊಳ್ಬೇಕಿದ್ರೆ ಕೂತುಕೊಳ್ಳಿ, ಬೇಡ ಹೇಳಿದವರು ಯಾರು? ನಾನೂ ಪ್ರತಿ ಬುಧವಾರ ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋಗ್ತೇನೆ. ನನ್ನ ಚುಕ್ಕಿ ಎಲ್ಲುಂಟು ಅಂತ ನೀವು ಒಂದು ದಿನ ಆದ್ರೂ ನೋಡಿದ್ದುಂಟಾ?"

ನೋಡಿರಲಿಲ್ಲ. ಅವಳ ಚುಕ್ಕಿ ಅಡುಗೆಮನೆಯಲ್ಲೇ ಇರುತ್ತದೆ ಎಂಬ ನನ್ನ ನಂಬಿಕೆಗೆ ಯಾವ ಉಪಗ್ರಹದ ಸಾಕ್ಷಿಯೂ ಬೇಕಿರಲಿಲ್ಲ. ನಾಚಿಕೆಯಾಯಿತು. "ನೆರೂಳಲ್ಲಿ ಎಂತ ಉಂಟು?" ಎಂದೆ.

"ನಿಮ್ಮ ಕೆರೆ ಹತ್ರ ಎಂತ ಉಂಟೋ, ಅದೇ" ಎಂದಳು.

ಮುಂದಿನ ಬುಧವಾರ ನನಗೆ ರಜೆ. ಸಂಜೆ ಆಕಾಶ ಕಪ್ಪಿಟ್ಟಿತು, ಅವಳು ಬಂದಿರಲಿಲ್ಲ. ಫೋನ್ ಹಿಡಿದು ಕೂತೆ. ನಕ್ಷೆ ತೆರೆದರೆ ಪತ್ತೇದಾರ, ತೆರೆಯದಿದ್ದರೆ ಕಲ್ಲುಗುಂಡು. ನಾನು ಕೂತದ್ದು ಬಾಗಿಲಲ್ಲೇ ಎಂಬುದು ಆಮೇಲೆ ಗೊತ್ತಾಯಿತು. ಅಂದು ಅವಳು ಅತ್ತದ್ದು ಯಾಕೆಂದೂ ಗೊತ್ತಾಯಿತು. ಕೊನೆಗೆ ನಕ್ಷೆ ಬಿಟ್ಟು ಹಳೆಯ ಪದ್ಧತಿಯಂತೆ ಫೋನ್ ಮಾಡಿದೆ.

"ಎಲ್ಲಿದ್ದೀಯೇ?"

"ಬಂದೆ ಬಂದೆ, ದಿವಾ ದಾಟಿದೆ."

ಅವಳ ಮಾತಿನ ಹಿಂದೆ ಟ್ರೇನಿನ ಧ್ವನಿವರ್ಧಕ ಮುಂದಿನ ಸ್ಟೇಶನ್ ಯಾವುದೆಂದು ಮರಾಠಿಯಲ್ಲಿ ಸ್ಪಷ್ಟವಾಗಿ ಕೂಗಿತು: "ಪುಢೀಲ್ ಸ್ಟೇಶನ್, ಕಳವಾ."

"ಆಯ್ತು, ನಿಧಾನ ಬಾ" ಎಂದೆ. ಜೀವ ಹಗುರಾಯಿತು. ಅಕ್ಕಿ ತೊಳೆದು, ಕಳವಾ ಸ್ಟೇಶನ್ನಿನ ಲೆಕ್ಕದಲ್ಲೇ ಕುಕ್ಕರ್ ಇಟ್ಟೆ.